ರಾಜೀನಾಮೆಯ ಬೆಲೆ

ಕೇಳುಗರೇ, ನಮಸ್ಕಾರ.

ಹೊಸ ಉದ್ಯಮಗಳ ಮಾತು ಬಂದಾಗ ಬಂಡವಾಳ, ಸಾಲ, ತೆರಿಗೆ ಇವೇ ಚರ್ಚೆಯಾಗುತ್ತವೆ. ಆದರೆ ಉದ್ಯಮ ಕಟ್ಟುವವರಲ್ಲಿ ಬಹಳ ಮಂದಿ ನಿನ್ನೆಯವರೆಗೆ ಸಂಬಳಕ್ಕೆ ದುಡಿದವರು. ಆದ್ದರಿಂದ ಯಾವ ದೇಶದ ಕಾರ್ಮಿಕ ಕಾನೂನನ್ನು ತೆರೆದರೂ ನಾನು ಮೊದಲು ಹುಡುಕುವುದು ಇದನ್ನು: ತಾವಾಗಿ ರಾಜೀನಾಮೆ ಕೊಟ್ಟವರು ಅಲ್ಲಿ ಏನೇನು ಕಳೆದುಕೊಳ್ಳುತ್ತಾರೆ?

1957ರಲ್ಲಿ ಕ್ಯಾಲಿಫೋರ್ನಿಯಾದ ಶಾಕ್ಲಿ ಪ್ರಯೋಗಾಲಯದಿಂದ ಎಂಟು ಮಂದಿ ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಕಟ್ಟಿದರು. ಅವರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಆರಂಭಿಸಿದರು. ‘ನಮ್ಮಲ್ಲಿಂದ ಹೋದ ಮೇಲೆ ನಮಗೇ ಪೈಪೋಟಿ ಕೊಡಕೂಡದು’ ಎಂದು ನೌಕರರಿಂದ ಬರೆಸಿಕೊಂಡ ಕರಾರು ಆ ರಾಜ್ಯದಲ್ಲಿ 1872ರಿಂದಲೂ ಊರ್ಜಿತವಲ್ಲ. ಸಿಲಿಕಾನ್ ವ್ಯಾಲಿಯ ಬೆಳವಣಿಗೆಗೆ ಕಾರಣಗಳು ಹಲವು. ಆ ಹಳೆಯ ಕಲಮಿಗೂ ಅದರಲ್ಲಿ ಪಾಲಿದೆ ಎಂಬುದು ನನ್ನ ದೃಢ ನಂಬಿಕೆ.

ಅದೇ ಅಮೆರಿಕದಲ್ಲಿ ಇನ್ನೊಂದು ಸಂಕೋಲೆಯೂ ಇತ್ತು. ಅಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿಗೆ ಆರೋಗ್ಯ ವಿಮೆ ಸಿಗುವುದು ಮಾಲೀಕರ ಮೂಲಕ. ಮಧುಮೇಹವಿರುವವರಿಗೆ ಕೆಲಸ ಬಿಡುವ ಧೈರ್ಯ ಹೇಗೆ ಬಂದೀತು? ಹಳೆಯ ಕಾಯಿಲೆಯ ಕಾರಣ ಕೊಟ್ಟು ವಿಮೆ ನಿರಾಕರಿಸುವುದನ್ನು 2010ರ ಕಾನೂನು ನಿಷೇಧಿಸಿತು. ವಯಸ್ಕರಿಗೆ ಅದು ಅನ್ವಯವಾದದ್ದು 2014ರಲ್ಲಿ.

ಆಸ್ಟ್ರಿಯಾದ ಹಳೆಯ ನಿಯಮವಂತೂ ನೌಕರರನ್ನು ಕುರ್ಚಿಗೇ ಕಟ್ಟಿಹಾಕುತ್ತಿತ್ತು. ಮಾಲೀಕ ತೆಗೆದುಹಾಕಿದರೆ ಪರಿಹಾರಧನ. 25 ವರ್ಷ ದುಡಿದವರಿಗೆ ಒಂದು ವರ್ಷದ ಸಂಬಳದಷ್ಟು. ತಾವಾಗಿ ಬಿಟ್ಟರೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. 2003ರಿಂದ ಹೊಸದಾಗಿ ಕೆಲಸಕ್ಕೆ ಸೇರಿದವರ ವಿಷಯದಲ್ಲಿ ಇದು ಬದಲಾಯಿತು. ಮಾಲೀಕರು ಸಂಬಳದ ಶೇ 1.53ರಷ್ಟನ್ನು ಪ್ರತ್ಯೇಕ ನಿಧಿಗೆ ಕಟ್ಟುತ್ತಾರೆ. ರಾಜೀನಾಮೆ ಕೊಟ್ಟರೆ ಹಣ ಕೂಡಲೇ ಕೈಗೆ ಸಿಗುವುದಿಲ್ಲ, ಆದರೆ ಹಕ್ಕು ಅಳಿಯುವುದಿಲ್ಲ. 2008ರಿಂದ ಸ್ವಂತ ಉದ್ಯಮದವರಿಗೂ ಇಂಥದೇ ನಿಧಿ ಬಂದಿದೆ.

ನೌಕರರನ್ನು ತೆಗೆಯುವುದು ಸುಲಭವಾದರೆ ಉದ್ಯಮ ತಾನಾಗಿ ಚಿಗುರುತ್ತದೆ ಎಂದು ವಾದಿಸುವವರಿದ್ದಾರೆ. ಅದು ಅರ್ಧ ಸತ್ಯ. ಡೆನ್ಮಾರ್ಕಿನಲ್ಲಿ ತೆಗೆಯುವುದು ಸುಲಭವೇ. ಜೊತೆಗೆ ಅಲ್ಲಿನ ನಿರುದ್ಯೋಗ ವಿಮಾ ನಿಧಿಗೆ ಸ್ವಂತ ಉದ್ಯಮದವರೂ ಸೇರಬಹುದು. ಫ್ರಾನ್ಸಿನಲ್ಲಿ ಐದು ವರ್ಷ ಬಿಡುವಿಲ್ಲದೆ ದುಡಿದವರು ಉದ್ಯಮ ಕಟ್ಟಲೆಂದು ರಾಜೀನಾಮೆ ಕೊಟ್ಟರೆ, ಯೋಜನೆ ನಿಜವಾದದ್ದೆಂದು ಮೊದಲೇ ಒಪ್ಪಿಗೆ ಪಡೆದಿದ್ದಲ್ಲಿ, 2019ರ ನವೆಂಬರ್‌ನಿಂದ ನಿರುದ್ಯೋಗ ಭತ್ಯೆಗೆ ಅರ್ಹರು.

ನನಗೆ ತುಂಬಾ ಹಿಡಿಸಿದ್ದು ಸ್ವೀಡನ್ನಿನ 1998ರ ಕಾನೂನು. ಮಾಲೀಕರಿಗೆ ಪೈಪೋಟಿಯಾಗದ ಉದ್ಯಮ ಆರಂಭಿಸಲು ನೌಕರರು ಆರು ತಿಂಗಳವರೆಗೆ ರಜೆ ಕೇಳಬಹುದು. ಸಂಬಳವಿಲ್ಲ. ಉದ್ಯಮ ಕಾಲೂರಲು ಆರು ತಿಂಗಳು ಸಾಲದಿರಬಹುದು. ಕೈಗೂಡದಿದ್ದರೆ ಮರಳಿ ಕೂರಲು ಹಳೆಯ ಮೇಜು ಕಾದಿರುತ್ತದೆ.