ಡಿಜಿಟಲ್ ಪಿಯಾನೋಗೆ ಹೊರಗಿನ ಸ್ಪೀಕರ್: ದುಡ್ಡು ಕೊಡುವ ಮುಂಚೆ ಹಿಂದುಗಡೆ ನೋಡಿ

[ಪಿಯಾನೋದ ಎಡತುದಿಯ ಕೀ ಒತ್ತುವ ಬೆರಳು. ಮೊದಲು ಒಳಗಿನ ಸ್ಪೀಕರ್‌ನಲ್ಲಿ, ಆಮೇಲೆ ಹೊರಗಿನ ಸ್ಪೀಕರ್‌ನಲ್ಲಿ.]

ಅದೇ ಪಿಯಾನೋ, ಅದೇ ಕೀ. ವ್ಯತ್ಯಾಸ ಗೊತ್ತಾಯ್ತಾ? ಇಲ್ಲ ಅಂದರೆ ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲ್ ಸ್ಪೀಕರ್‌ನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

ನಮಸ್ಕಾರ, ತುಮಕೂರಿನಿಂದ. ಮಕ್ಕಳು ಪಿಯಾನೋ ಕಲಿಯುವ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ: "ಸರ್, ಸೌಂಡು ಡಬ್ಬದೊಳಗಿಂದ ಬಂದ ಹಾಗಿದೆ, ದೊಡ್ಡ ಸ್ಪೀಕರ್ ತರೋಣ್ವಾ?" ತನ್ನಿ, ಬೇಡ ಅನ್ನಲ್ಲ. ಆದರೆ ಸ್ಪೀಕರ್ ಎಷ್ಟೇ ಚೆನ್ನಾಗಿದ್ದರೂ ತಪ್ಪು ವೈರ್ ಹಾಕಿದರೆ ಇದ್ದ ಸೌಂಡೂ ಹಾಳಾಗುತ್ತದೆ.

ಮೊದಲು, ಸೌಂಡು ಯಾಕೆ ತೆಳ್ಳಗಿರುತ್ತದೆ? ಯಮಹಾ ಪಿ-45 ತಗೊಳ್ಳಿ. ಒಳಗಿರುವುದು 6 ವ್ಯಾಟಿನ ಎರಡು ಸ್ಪೀಕರ್. ಪಿಯಾನೋದ 88 ಕೀಗಳಲ್ಲಿ ತೀರಾ ಎಡಗಡೆಯದರ ಸ್ವರ 27.5 ಹರ್ಟ್ಸ್, ಅಂದರೆ ಸೆಕೆಂಡಿಗೆ 27.5 ಕಂಪನ. ಅಷ್ಟು ತಗ್ಗಿನ ಸ್ವರ ಹೊರಡಿಸಲು ಜಾಸ್ತಿ ಗಾಳಿ ತಳ್ಳಬೇಕು, ಪುಟ್ಟ ಸ್ಪೀಕರ್‌ಗೆ ಅದು ಆಗದ ಕೆಲಸ. ನಮಗೆ ಕೇಳುವುದು ಆ ಸ್ವರದ ಮೇಲಿನ ಪದರಗಳು ಮಾತ್ರ. ಬುಡ ಇರುವುದಿಲ್ಲ.

[ಪಿಯಾನೋ ಹಿಂಭಾಗ. ಟಾರ್ಚ್ ಬೆಳಕು.]

ಈಗ ಹಿಂದುಗಡೆ ಬಗ್ಗಿ ನೋಡಿ. 'ಲೈನ್ ಔಟ್' ಅಥವಾ 'ಆಕ್ಸ್ ಔಟ್' ಅಂತ ಎರಡು ಸಾಕೆಟ್ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ರೋಲ್ಯಾಂಡ್ ಎಫ್‌ಪಿ-30ಎಕ್ಸ್, ಕ್ಯಾಸಿಯೋ ಪಿಎಕ್ಸ್-ಎಸ್1100, ಇವುಗಳಲ್ಲಿ ಇದೆ. ಎರಡು ಮೋನೋ ವೈರ್ (ಒಂದೇ ಕಡೆಯ ಸೌಂಡ್ ಒಯ್ಯುವಂಥದ್ದು) ತಂದು ಎಡಕ್ಕೊಂದು, ಬಲಕ್ಕೊಂದು ಹಾಕಿ. ಪಿ-45 ಥರದವುಗಳಲ್ಲಿ ಹೆಡ್‌ಫೋನ್ ಸಾಕೆಟ್ ಒಂದೇ. ಅದರಿಂದಲೂ ಸೌಂಡ್ ತೆಗೆಯಬಹುದು, ಆದರೆ ಪಿನ್ ಹಾಕಿದ ಕೂಡಲೇ ಪಿಯಾನೋದ ಸ್ವಂತ ಸ್ಪೀಕರ್ ಬಂದ್ ಆಗುತ್ತದೆ. ಕೆಟ್ಟುಹೋಯಿತು ಅಂತ ಗಾಬರಿ ಬೇಡ.

[ಕ್ಲೋಸಪ್: ಎರಡು ದಪ್ಪ ಪಿನ್, ಪಕ್ಕಪಕ್ಕ.]

ಇಲ್ಲಿ ಸ್ವಲ್ಪ ನಿಲ್ಲೋಣ, ಜನ ಎಡವುವುದು ಇಲ್ಲೇ. ಪಿನ್ ಮೇಲಿನ ಕಪ್ಪು ಗೆರೆ ಎಣಿಸಿ. ಒಂದು ಗೆರೆ ಇದ್ದರೆ ಮೋನೋ. ಎರಡು ಇದ್ದರೆ ಸ್ಟೀರಿಯೋ. ಹೆಡ್‌ಫೋನ್ ಸಾಕೆಟ್‌ನಲ್ಲಿ ಎಡ-ಬಲ ಎರಡೂ ಒಂದೇ ಪಿನ್‌ನಲ್ಲಿ ಬರುತ್ತವೆ. ಎರಡೂ ಕಡೆ ಎರಡು ಗೆರೆಯ ಪಿನ್ ಇರುವ ವೈರ್ ತಂದು ಸೀದಾ ಸ್ಟುಡಿಯೋ ಸ್ಪೀಕರ್‌ಗೆ ಚುಚ್ಚಿದರೆ ಏನಾಗುತ್ತದೆ ಗೊತ್ತಾ? ಆ ಸ್ಪೀಕರಿನದ್ದು ಬ್ಯಾಲೆನ್ಸ್ಡ್ ಸಾಕೆಟ್, ಅಂದರೆ ಒಂದೇ ಸೌಂಡು ಸೀದಾ ಒಂದು, ಉಲ್ಟಾ ಒಂದು ಅಂತ ಎರಡು ತಂತಿಯಲ್ಲಿ ಬರುತ್ತದೆ ಅಂದುಕೊಳ್ಳುವಂಥದ್ದು. ಅದಕ್ಕೇ ಅದು ಎಡದ ಸೌಂಡಿನಿಂದ ಬಲದ್ದನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿದ್ದ ಭಾಗ ಸೊನ್ನೆ. ಉಳಿಯುವುದು ಟೊಳ್ಳು ಸದ್ದು. ಕೇಳಿ.

[ಹತ್ತು ಸೆಕೆಂಡ್ ತಪ್ಪು ವೈರ್, ಆಮೇಲೆ ಸರಿ ವೈರ್.]

ಎಷ್ಟೋ ಜನ ಇದನ್ನು ಕೇಳಿ ಸ್ಪೀಕರನ್ನೇ ವಾಪಸ್ ಕೊಡುತ್ತಾರೆ, ಪಾಪ. ನಿಮಗೆ ಬೇಕಿರುವುದು ವೈ ಕೇಬಲ್: ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಕವಲೊಡೆದ ಎರಡು ಮೋನೋ ಪಿನ್. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಸಿಗದಿದ್ದರೆ, ಬೆಂಗಳೂರಿಗೆ ಹೋಗುವವರ ಕೈಲಿ ಎಸ್.ಪಿ. ರೋಡ್‌ನಿಂದ ತರಿಸಿಕೊಳ್ಳಿ. ಮನೆಯ ಹೋಮ್ ಥಿಯೇಟರ್‌ಗೆ ಹಾಕುವುದಾದರೆ ಆ ಎರಡು ಪಿನ್ ಕೆಂಪು-ಬಿಳಿ ಆರ್‌ಸಿಎ ಆಗಿರಲಿ, 'ಆಕ್ಸ್' ಅಂತ ಬರೆದಲ್ಲಿ ಹಾಕಿ. ಹಳೇ ಆಂಪ್ಲಿಫೈಯರ್‌ನ 'ಫೋನೋ' ಸಾಕೆಟ್ ಮುಟ್ಟಬೇಡಿ, ಅದು ರೆಕಾರ್ಡ್ ಪ್ಲೇಯರ್‌ಗೆ.

ಬ್ಲೂಟೂತ್ ಸ್ಪೀಕರ್ ಆಗಲ್ವಾ? ಆಗಲ್ಲ. ಬೆರಳು ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ತಾಳ ಹಿಡಿಯಲು ಸಾಧ್ಯವೇ ಇಲ್ಲ. ಅದೂ ಅಲ್ಲದೆ, ಎಷ್ಟೋ ಪಿಯಾನೋಗಳ ಬ್ಲೂಟೂತ್ ಮೊಬೈಲ್‌ನಿಂದ ಹಾಡು ಒಳಗೆ ತರಲು ಮಾತ್ರ, ಹೊರಗೆ ಕಳಿಸಲು ಅಲ್ಲ.

ಆನ್ ಮಾಡುವಾಗ ಮೊದಲು ಪಿಯಾನೋ, ಕೊನೆಗೆ ಸ್ಪೀಕರ್. ಆಫ್ ಮಾಡುವಾಗ ಉಲ್ಟಾ. ಇಲ್ಲದಿದ್ದರೆ 'ಧಡ್' ಅಂತ ಹೊಡೆಯುತ್ತದೆ. ಪಿಯಾನೋ ವಾಲ್ಯೂಮ್ ಮುಕ್ಕಾಲಕ್ಕೆ ಇಟ್ಟು, ಸ್ಪೀಕರಿನದ್ದನ್ನು ಸೊನ್ನೆಯಿಂದ ನಿಧಾನ ಏರಿಸಿ.

[ಹಾಲ್‌ನಲ್ಲಿ ಸ್ಪೀಕರ್ ಜಾಗ ಬದಲಿಸುತ್ತಾ.]

ನಮ್ಮ ಕಡೆ ಮನೆ ಅಂದರೆ ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ, ಖಾಲಿ ಗೋಡೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ತಗ್ಗಿನ ಸ್ವರಗಳು ಗುಂಯ್‌ಗುಟ್ಟಿ ಒಂದರ ಮೇಲೊಂದು ಬೀಳುತ್ತವೆ. ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ. ನೆಲದ ಮೇಲೆ ಬೇಡ, ಕೂತಾಗ ಕಿವಿಯ ಮಟ್ಟಕ್ಕೆ ಬರಲಿ. ಕೆಳಗೊಂದು ಜಮಖಾನ ಹಾಸಿ ನೋಡಿ, ಬಿಟ್ಟಿಯಾಗಿ ಸಿಗುವ ಲಾಭ ಅದು.

ಇಷ್ಟಾದರೂ 'ಹ್ಮ್...' ಅನ್ನುತ್ತಿದೆಯಾ? ಪಿಯಾನೋ, ಸ್ಪೀಕರ್ ಎರಡರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಲ್ಯಾಪ್‌ಟಾಪ್ ಯುಎಸ್‌ಬಿ ವೈರ್ ಇದ್ದರೆ ಕಿತ್ತು ನೋಡಿ, ಎಷ್ಟೋ ಸಲ ಕಳ್ಳ ಅದೇ. ಸದ್ದು ನಿಲ್ಲಲಿ ಅಂತ ಅರ್ಥಿಂಗ್ ಪಿನ್ ಕತ್ತರಿಸುವವರೂ ಇದ್ದಾರೆ. ಅದನ್ನು ಮಾತ್ರ ಮಾಡಬೇಡಿ, ಶಾಕ್ ಹೊಡೆಯುತ್ತದೆ. ಅರ್ಥಿಂಗ್ ಮೂಲಕ ಬರುವ ಈ ಹಮ್ ಸದ್ದು ತಡೆಯಲು ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನು ಪಿಯಾನೋದಿಂದ ಸ್ಪೀಕರ್‌ಗೆ ಹೋಗುವ ಸೌಂಡ್ ವೈರಿನ ನಡುವೆ ಹಾಕಿ.