ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ತಟ್ಟಿದವರು

ನಮಸ್ಕಾರ. ಕಥೆ ಬರೆಯೋಕೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ನಾನು ಇವತ್ತು ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ.

ದ್ಮಿತ್ರಿ ಗ್ರಿಗೊರೊವಿಚ್ ಅಂತ ಹೆಸರು. ರಷ್ಯಾದ ಲೇಖಕರು. ಅವರು ಬರೆದದ್ದನ್ನು ಈಗ ಓದುವವರು ಕಡಿಮೆ. ಆದರೆ ಅವರು ಓದಿದ ರೀತಿ ಇದೆಯಲ್ಲ, ಅದು ನನಗೆ ಬಹಳ ದೊಡ್ಡದು.

1845. ಪೀಟರ್ಸ್‌ಬರ್ಗ್. ಅವರ ಜೊತೆ ಒಂದೇ ಮನೆಯಲ್ಲಿದ್ದ 23 ವರ್ಷದ ಹುಡುಗ ತನ್ನ ಮೊದಲ ಕಾದಂಬರಿ ಮುಗಿಸಿದ್ದ. ಗ್ರಿಗೊರೊವಿಚ್ ಆ ಹಸ್ತಪ್ರತಿಯನ್ನು ಕವಿ ನೆಕ್ರಾಸೊವ್ ಮನೆಗೆ ಒಯ್ದರು. ಹತ್ತು ಪುಟ ಓದಿ ನೋಡೋಣ ಅಂತ ಇಬ್ಬರೂ ಕೂತರು. ಆಮೇಲೆ ಇನ್ನು ಹತ್ತು. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾ ಹೋದರು. ಮುಗಿದಾಗ ಬೆಳಗಿನ ಜಾವ. ಆ ಹುಡುಗ ಮಲಗಿದ್ದರೆ ಎಬ್ಬಿಸೋಣ ಅಂತ ಹೊರಟೇಬಿಟ್ಟರು. ನಾಲ್ಕು ಗಂಟೆಗೆ ಬಾಗಿಲಲ್ಲಿ ನಿಂತು ಅವನನ್ನು ತಬ್ಬಿಕೊಂಡರು.

ಆ ಹುಡುಗ ದಾಸ್ತೋವ್ಸ್ಕಿ, ಮುಂದೆ ‘ಅಪರಾಧ ಮತ್ತು ಶಿಕ್ಷೆ’ ಬರೆದ ಕಾದಂಬರಿಕಾರ. ಮೂವತ್ತೆರಡು ವರ್ಷ ಆದಮೇಲೆ, 1877ರಲ್ಲಿ, ಆ ರಾತ್ರಿಯನ್ನು ನೆನೆದು ಬರೆದರು. ಅಷ್ಟು ಕಾಲವೂ ಅದು ಮಾಸಿರಲಿಲ್ಲ.

ಇನ್ನೂ ಇದೆ. 1886ರಲ್ಲಿ, ಅದೇ ಗ್ರಿಗೊರೊವಿಚ್, ಅರವತ್ತು ದಾಟಿದ್ದಾರೆ. ಪತ್ರಿಕೆಯಲ್ಲಿ ಸುಳ್ಳು ಹೆಸರಿನ ಕೆಳಗೆ ಬಂದ ಸಣ್ಣ ಸಣ್ಣ ಕಥೆಗಳನ್ನು ಓದಿ, ಬರೆದವನು ಯಾರು ಅಂತ ವಿಚಾರಿಸಿ, ತಾವಾಗಿಯೇ ಪತ್ರ ಬರೆದರು. ನಿಮ್ಮಲ್ಲಿ ನಿಜವಾದ ಪ್ರತಿಭೆ ಇದೆ, ಅವಸರದಲ್ಲಿ ಬರೆಯೋದು ಬಿಡಿ, ಹಸಿದುಕೊಂಡಾದರೂ ಇರಿ ಅಂದರು. ಪತ್ರ ಹೋದದ್ದು 26 ವರ್ಷದ ಡಾಕ್ಟರ್ ಚೆಕಾವ್‌ಗೆ, ಮುಂದೆ ಸಣ್ಣ ಕಥೆಗಳಿಗೆ ಜಗತ್ತೇ ನೆನೆಯುವ ಚೆಕಾವ್‌ಗೆ.

ಚೆಕಾವ್ ಉತ್ತರ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನನಗೆ ನೂರಾರು ಪರಿಚಯದವರಿದ್ದಾರೆ, ಲೇಖಕರೇ ಹತ್ತಿಪ್ಪತ್ತು ಜನ, ಅವರಲ್ಲಿ ಒಬ್ಬರೂ ನನ್ನನ್ನು ಕಲಾವಿದ ಅಂತ ನೋಡಿಲ್ಲ ಅಂತ ಬರೆದಿದ್ದಾರೆ. ಒಂದು ದಿನಕ್ಕಿಂತ ಜಾಸ್ತಿ ಕೂತು ಬರೆದ ಕಥೆ ಒಂದೂ ನೆನಪಿಲ್ಲ ಅಂತಲೂ ಒಪ್ಪಿಕೊಂಡರು. ಎರಡು ವರ್ಷ ಆದಮೇಲೆ ಅದೇ ಮನುಷ್ಯ ಸುಮಾರು ಒಂದು ತಿಂಗಳು ಹಿಡಿದು ‘ಸ್ಟೆಪ್ಪಿ’ ಅನ್ನುವ ನೀಳ್ಗತೆ ಬರೆದರು.

ನೂರಾರು ಪರಿಚಯದವರು, ಓದುವವರು ಯಾರೂ ಇಲ್ಲ. ಇದು ನಮ್ಮೆಲ್ಲರ ಪಾಡು, ಅಲ್ವಾ? ಹಾಡುವವರ ಎದುರು ಜನ ಕೂತಿರುತ್ತಾರೆ. ಕಥೆ ಬರೆಯುವವರು ತಿಂಗಳುಗಟ್ಟಲೆ ಒಬ್ಬರೇ. ಹೊಳಹು ಹೇಗೋ ಬರುತ್ತದೆ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು ಸಾಕು, ಅದಕ್ಕೆ ನಾನು ಕಾಯುವುದೇ ಇಲ್ಲ. ಕಷ್ಟ ಇರುವುದು ನಲವತ್ತನೇ ಪುಟದಲ್ಲಿ. ಇದನ್ನು ಯಾರಿಗೋಸ್ಕರ ಬರೆಯುತ್ತಿದ್ದೇನೆ ಅನ್ನಿಸುವ ಹೊತ್ತಿನಲ್ಲಿ.

ನಾನೂ ಒಂದು ಕಥೆಯನ್ನು ಅರ್ಧಕ್ಕೆ ಬಿಟ್ಟು ಡ್ರಾಯರ್‌ಗೆ ತಳ್ಳಿದ್ದೆ. ಓದಿದ ಆರೇಳು ಜನ "ಚೆನ್ನಾಗಿದೆ" ಅಂದಿದ್ದರು. ಅಷ್ಟೇ. ಆಮೇಲೆ ಒಬ್ಬ ಗೆಳತಿ ಓದಿ ಕೇಳಿದಳು: "ಆ ಅಜ್ಜಿ ಮಲಗುವ ಮುಂಚೆ ಚಿಲಕ ಎರಡು ಸಲ ಮುಟ್ಟಿ ನೋಡುತ್ತಾಳಲ್ಲ, ಯಾಕೆ? ಮಗ ಬರುತ್ತಾನೆ ಅಂತಲೋ, ಬರಬಾರದು ಅಂತಲೋ?" ನನಗೇ ಗೊತ್ತಿರಲಿಲ್ಲ. ಸುಮ್ನೆ ಬರೆದ ಸಾಲು ಅದು. ಅವತ್ತು ರಾತ್ರಿಯೇ ಡ್ರಾಯರ್ ತೆಗೆದೆ. ಆ ಕಥೆ ಮುಗಿಯಿತು.

"ಚೆನ್ನಾಗಿದೆ" ಅನ್ನುವುದು ಪ್ರೋತ್ಸಾಹ ಅಂತ ನಾನು ಒಪ್ಪಲ್ಲ. ಯಾವ ಸಾಲಿನಲ್ಲಿ ನಿಂತಿರಿ, ಎಲ್ಲಿ ಬೇಜಾರಾಯಿತು ಅಂತ ಹೇಳಿ. ಗ್ರಿಗೊರೊವಿಚ್ ಬರೀ ಹೊಗಳಲಿಲ್ಲ, ಅವಸರ ಬಿಡಿ ಅಂತ ಗದರಿದರು. ಗದರಬೇಕಾದರೆ ಓದಿರಬೇಕು.

ಅಂಥ ಓದುಗರನ್ನು ಹುಡುಕಿಕೊಳ್ಳಿ, ಒಬ್ಬರು ಸಾಕು. ಸಿಗುವ ತನಕ ನೀವೇ ಇನ್ನೊಬ್ಬರಿಗೆ ಆ ಓದುಗರಾಗಿ. ನನ್ನ ಮೇಜಿನ ಮೇಲೆ ಈಗ ಆ ಗೆಳತಿಯದೇ ಹೊಸ ಕಥೆ ಇದೆ. ಹನ್ನೆರಡು ಪುಟ. ಮೂರನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಮೈಕ್ ಆಫ್ ಮಾಡಿದ ಕೂಡಲೇ ಅವಳಿಗೆ ಫೋನ್ ಮಾಡಬೇಕು.