ಕಾಯಿಲ್ ಕೆಟ್ಟಿಲ್ಲಮ್ಮ

ಬೆಳಗ್ಗೆ ಆರೂಕಾಲು. ತಿಪಟೂರಿನ ಹತ್ತಿರ ನಮ್ಮೂರು, ಇದು ನಮ್ಮನೆ ಬಚ್ಚಲು. ಬಕೆಟ್ಟಿಗೆ ನೀರು ಕಾಯಿಸೋ ಕಾಯಿಲ್ ಹಾಕಿ ಆಗಲೇ 25 ನಿಮಿಷ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಬೆರಳಿಟ್ಟೆ. ಉಗುರುಬೆಚ್ಚಗಿದೆ, ಅಷ್ಟೇ. ಹಿಂದೆ ಕೇಳಿಸ್ತಿರೋದು ಅಮ್ಮನ ದನಿ: "ಆ ಕಾಯಿಲ್ ಕೆಟ್ಟೋಗಿದೆ ಕಣೋ, ಹೊಸದು ತಗೊಂಬಾ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

ಕೆಟ್ಟಿದೆಯೋ ಇಲ್ವೋ, ಅಳೆದೇ ಹೇಳೋಣ ಅಂತ ಕೂತೆ.

ಕಾಯಿಲಿನ ಹಿಡಿ ಮೇಲೆ ಬರೆದಿರೋದು 230 ವೋಲ್ಟ್, 1500 ವ್ಯಾಟ್. ಈ ಎರಡೇ ಸಂಖ್ಯೆ ಸಾಕು. ವೋಲ್ಟನ್ನ ವೋಲ್ಟಿಂದಲೇ ಗುಣಿಸಿ ವ್ಯಾಟಿಂದ ಭಾಗಿಸಿದ್ರೆ ರೋಧ, ಅಂದ್ರೆ ಕರೆಂಟಿಗೆ ತಂತಿ ಒಡ್ಡೋ ತಡೆ, ಸಿಗುತ್ತೆ: 52,900 ಭಾಗಿಸು 1500, ಹತ್ತಿರತ್ತಿರ 35 ಓಮ್. ಕಾಯಿಲಿನ ಪ್ಲಗ್ ಎಲ್ಲಿಗೂ ಸಿಗಿಸದೆ, ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದೆ. ನೋಡಿ, 35.2. ಒಳಗಿನ ತಂತಿ ಹೊಸದರ ಹಾಗೇ ಇದೆ. ಅಮ್ಮನಿಗೆ ಈ ಸಂಖ್ಯೆ ಯಾವ ಲೆಕ್ಕಕ್ಕೂ ಇಲ್ಲ, ನೀರು ಮಾತ್ರ ಕಾದಿಲ್ಲ.

ಸರಿ, ಓಡ್ತಿರುವಾಗ ಕರೆಂಟ್ ಎಷ್ಟು ಎಳೆಯುತ್ತೆ? ತಂತಿ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರಿನ ಬಾಯಿ ತೆಗೆದು ಕಾಯಿಲಿನ ವೈರಿಗೆ ಕಚ್ಚಿಸಿದೆ. ಸೊನ್ನೆ! ಮೀಟರೇ ಹೋಯ್ತು ಅಂದ್ಕೊಂಡು ಬ್ಯಾಟರಿ ಕೂಡ ಬದಲಾಯಿಸಿದೆ. ವಿಡಿಯೋದ ಈ ಭಾಗ ಎಡಿಟ್‌ನಲ್ಲಿ ತೆಗೀಬೇಕು ಅಂತಿದ್ದೆ, ಇರ್ಲಿ ಬಿಡಿ. ವೈರಿನೊಳಗೆ ಫೇಸ್ ತಂತಿಯಲ್ಲಿ ಹೋದ ಕರೆಂಟ್ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಬರುತ್ತಲ್ಲ, ಎರಡರ ಕಾಂತಕ್ಷೇತ್ರ ಒಂದನ್ನೊಂದು ವಜಾ ಮಾಡಿಬಿಡುತ್ತೆ. ಒಂದೇ ತಂತಿಗೆ ಕಚ್ಚಿಸಬೇಕು. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬೋರ್ಡಿನ ಹೊರಗಿನ ಹೊದಿಕೆ ಮಾತ್ರ ಬಿಡಿಸಿ, ಒಳಗಿನ ಕೆಂಪು ತಂತಿ ಬೇರೆ ಮಾಡ್ಕೊಂಡೆ. ತಾಮ್ರ ಕಾಣಬಾರದು, ಹುಷಾರು.

ಈಗ ಬಂತು: 5.4 ಆಂಪಿಯರ್. ಅದೇ ಬೋರ್ಡಿನ ಪಕ್ಕದ ತೂತಲ್ಲಿ ವೋಲ್ಟೇಜ್ 190. ಭಾಗಿಸಿದ್ರೆ ಮತ್ತೆ ಅದೇ 35 ಓಮ್. ಗುಣಿಸಿದ್ರೆ 1026 ವ್ಯಾಟ್. 1500ರ ಕಾಯಿಲ್ ಸಾವಿರದ ಕೆಲಸ ಮಾಡ್ತಿದೆ! ವೋಲ್ಟೇಜ್ ಇಳಿದಿದ್ದು ನೂರಕ್ಕೆ 17, ಶಾಖ ಇಳಿದಿದ್ದು ನೂರಕ್ಕೆ 32. ವೋಲ್ಟೇಜ್ ಕಮ್ಮಿಯಾದ್ರೆ ಕರೆಂಟೂ ಕಮ್ಮಿಯಾಗುತ್ತಲ್ಲ, ಹೊಡೆತ ಎರಡು ಕಡೆಯಿಂದ. 20 ಲೀಟರ್ ನೀರು 20 ಡಿಗ್ರಿಯಿಂದ 50ಕ್ಕೆ ಏರೋಕೆ 28 ನಿಮಿಷ ಸಾಕಿತ್ತು, ಈಗ 41.

ಸ್ಥಿರವಾದ ವೋಲ್ಟೇಜ್ ಇಲ್ಲದ ಕಷ್ಟ, ರೋಧದ ಅಳತೆಗೆ ಯಾರ ಹೆಸರಿದೆಯೋ ಆ ಓಮ್ ಸಾಹೇಬರಿಗೂ ಇತ್ತು. ಜರ್ಮನಿಯಲ್ಲಿ ಶಾಲೆ ಮೇಷ್ಟ್ರು. ಆಗಿನ ಬ್ಯಾಟರಿ ಹಿಡಿದ ಹಾಗೆ ನಿಲ್ತಿರಲಿಲ್ಲ. ಕೊನೆಗೆ ಬಿಸ್ಮತ್ ಅನ್ನೋ ಲೋಹದ ಎರಡೂ ತುದಿಗೆ ತಾಮ್ರ ಬೆಸೆದು, ಒಂದು ಬೆಸುಗೆ ಕುದಿಯೋ ನೀರಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟು ಕರೆಂಟ್ ತೆಗೆದ್ರು. 1827ರ ಅವರ ಪುಸ್ತಕಕ್ಕೆ ಬುನಾದಿ ಆ ಪ್ರಯೋಗ. ಅವರೂ ನೀರು ಕಾಯಿಸಿದವರೇ!

ಇಷ್ಟಕ್ಕೇ ಮುಗಿಸಬಹುದಿತ್ತು. ಆದ್ರೆ ಜಗಲಿ ಮೇಲಿನ ಮೀಟರ್ ನೋಡಿ. ಈ ಕೆಂಪು ದೀಪ ಒಂದು ಯೂನಿಟ್ಟಿಗೆ 3200 ಸಲ ಮಿನುಗುತ್ತೆ, ಅಲ್ಲೇ ಬರೆದಿದೆ. ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ, ಕಾಯಿಲ್ ಒಂದೇ ಓಡಿಸಿ, ಒಂದು ನಿಮಿಷ ಎಣಿಸಿದೆ: 58. ಗಂಟೆಗೆ 3480, ಅದನ್ನ 3200ರಿಂದ ಭಾಗಿಸಿದ್ರೆ ಗಂಟೆಗೆ 1.087 ಯೂನಿಟ್, ಅಂದ್ರೆ ಸುಮಾರು 1087 ವ್ಯಾಟ್. ಕಾಯಿಲಿಗೆ ಸೇರ್ತಿರೋದು 1026. ಉಳಿದ 60 ಚಿಲ್ಲರೆ ಎಲ್ಲಿಗೆ ಹೋಯ್ತು?

ಮೀಟರ್ ಹತ್ರ ವೋಲ್ಟೇಜ್ 200. ಬಚ್ಚಲಿಗೆ ಬರೋಷ್ಟರಲ್ಲಿ 190. ದಾರೀಲಿ 10 ವೋಲ್ಟ್ ಮಾಯ. 10 ಗುಣಿಸು 5.4, 54 ವ್ಯಾಟ್! ಅದೇ ಬೋರ್ಡನ್ನ ಅಡುಗೆಮನೆ ಸಾಕೆಟ್ಟಿಗೆ ಹಾಕಿದ್ರೆ ಬೀಳೋದು 3 ವೋಲ್ಟ್ ಮಾತ್ರ. ಅಲ್ಲಿಗೆ ಮಿಕ್ಕ 7 ವೋಲ್ಟ್ ನುಂಗ್ತಿರೋದು ಬಹುಶಃ ಬಚ್ಚಲ ಹೊರಗಿನ ಈ ಸಾಕೆಟ್ಟೇ. 38 ವ್ಯಾಟ್, ಒಂದು ಬೆರಳಗಲ ಜಾಗದಲ್ಲಿ. ನಾನು ಬೆಸುಗೆ ಹಾಕೋ ಕಡ್ಡಿ 25 ವ್ಯಾಟಿಂದು.

ಮೇನ್ ಇಳಿಸಿ, ಟೆಸ್ಟರ್ ಹಿಡಿದು ಖಾತ್ರಿ ಮಾಡ್ಕೊಂಡು ಬಿಚ್ಚಿದ್ವಿ. ಹತ್ರ ತೋರಿಸ್ತೀನಿ. ಪಿನ್ನನ್ನ ಕಚ್ಚಿ ಹಿಡಿಯೋ ಹಿತ್ತಾಳೆ ಕ್ಲಿಪ್ ಸಡಿಲಾಗಿ ಬಾಯಿ ಬಿಟ್ಕೊಂಡಿದೆ, ಸ್ಕ್ರೂ ಸುತ್ತ ಕಪ್ಪು, ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದಿದೆ. ಇದು 6 ಆಂಪಿಯರ್ ಸಾಕೆಟ್ಟು. ಪೂರ್ತಿ ವೋಲ್ಟೇಜ್ ಬಂದ ದಿನ ಈ ಕಾಯಿಲ್ ಎಳೆಯೋದು ಆರೂವರೆ.

ಎಲೆಕ್ಟ್ರಿಷಿಯನ್ ಬಂದು 16 ಆಂಪಿಯರ್ ಸಾಕೆಟ್ ಹಾಕಿಕೊಟ್ರು, ದಪ್ಪ ವೈರೂ ಎಳೆದ್ರು. ಈಗ 197 ವೋಲ್ಟ್, 5.6 ಆಂಪಿಯರ್, 1103 ವ್ಯಾಟ್. ಉಳಿದ ಸಮಯ? ಮೂರೇ ನಿಮಿಷ. ಮಿಕ್ಕಿದ್ದು ಟ್ರಾನ್ಸ್‌ಫಾರ್ಮರಿಂದ ನಮ್ಮನೆವರೆಗಿನ ಲೈನಿನ ಸಮಾಚಾರ, ಅದು ನನ್ನ ಕೈಲಿಲ್ಲ.

"ಹಂಗಾದ್ರೆ ಇಷ್ಟು ದಿನ ಬಿಲ್ ಜಾಸ್ತಿ ಕಟ್ಟಿದ್ವಾ?" ಅಂದ್ರು ಅಮ್ಮ. ಇಲ್ಲಮ್ಮ, ನಿಧಾನಕ್ಕೆ ಕಾದ್ರೂ ನೀರಿಗೆ ಬೇಕಾದ ಯೂನಿಟ್ ಹೆಚ್ಚುಕಮ್ಮಿ ಅಷ್ಟೇ, ಸಾಕೆಟ್ ತಿಂದಿದ್ದಷ್ಟೇ ದಂಡ ಅಂದೆ. ಕೇಳಿಸ್ಕೊಂಡ್ರೋ ಇಲ್ವೋ. ಆಗಲೇ ಹಿತ್ತಲಲ್ಲಿ ಹಂಡೆ ಒಲೆಗೆ ಎರಡು ಒಣ ಮಟ್ಟೆ ತುರುಕಿ, ಊದುಗೊಳವೆ ಹುಡುಕ್ತಾ ಇದ್ರು.